ಕೀ ಆನ್ಸರಿನಲ್ಲಿಲ್ಲದ ಜೇನು

ವಿಜ್ಞಾನದ ಟೀಚರಿಗೆ ಸಿಟ್ಟು ಬರಬಾರದು, ಎಲ್ಲಕ್ಕೂ ಕಾರಣ ಹುಡುಕಬೇಕು ಅಂತಾರೆ. ಹುಡುಕುತ್ತಲೇ ಇದ್ದೀನಿ. ನಾನು ಹರದನಹಳ್ಳಿಯವಳು. ಗುಂಡ್ಲುಪೇಟೆಯಿಂದ ಕಾಡಿನ ಪಕ್ಕದ ಮದ್ದೂರಿನ ಕಡೆ ಹೋಗುವ ದಾರಿಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಇಪ್ಪತ್ತು ವರ್ಷದಿಂದ ಪಾಠ ಮಾಡುತ್ತಿದ್ದೀನಿ. ಮೇಲಿನವರ ಕೃಪೆಯಿಂದ ಇಂಥ ಪ್ರಸಂಗಗಳಿಗೆ ಒಂದು ವರ್ಷವೂ ಬರ ಬಂದಿಲ್ಲ. ಕೇಳಿದವರು ನಗುತ್ತಾರೆ. ನಗಲಿ. ನನಗೆ ಮಾತ್ರ ಹೇಳುವಾಗಲೂ ಮೈ ಉರಿಯುತ್ತದೆ.

ಬಿಳಿ ಕರಡಿ

ಒಂದು ಸಲ 'ನಮ್ಮ ಪರಿಸರ' ಅಂತ ಒಂದು ಚಾರ್ಟು ಬಂತು. ಕ್ಲಾಸಿನಲ್ಲಿ ತೂಗುಹಾಕಲೇಬೇಕು, ಫೋಟೋ ತೆಗೆದು ಕಳಿಸಲೇಬೇಕು ಅಂತ ಆದೇಶ. ಬಿಚ್ಚಿದರೆ ಎಲ್ಲೆಲ್ಲೂ ಮಂಜುಗಡ್ಡೆ, ಅದರ ಮೇಲೊಂದು ಬಿಳಿ ಕರಡಿ, ಪಕ್ಕದಲ್ಲಿ ಪೆಂಗ್ವಿನ್. ಕರಡಿ ಭೂಮಿಯ ಆ ತುದಿಯದು, ಪೆಂಗ್ವಿನ್ ಈ ತುದಿಯದು. ಅಚ್ಚು ಹಾಕಿಸಿದವರಿಗೆ ಅವರ ಪರಿಸರವೂ ಗೊತ್ತಿಲ್ಲ, ನಮ್ಮದೂ ಗೊತ್ತಿಲ್ಲ.

ಕಾಡಂಚಿನ ಬುಡಕಟ್ಟಿನವರ ಹಾಡಿಯಿಂದ ಬರುವ ಹುಡುಗಿಯೊಬ್ಬಳಿದ್ದಳು, ಒಂಬತ್ತನೇ ಕ್ಲಾಸು. ಅವಳಪ್ಪ ಜೇನು ಕೀಳುವವನು. ಅವಳು ಚಾರ್ಟಿನ ಮುಂದೆ ನಿಂತು ಚೆನ್ನಾಗಿ ನೋಡಿ, "ಮಿಸ್, ನಮ್ಮಪ್ಪನ ಕಾಲಿಗೆ ಬಾಯಾಕಿದ್ದು ಕರೀ ಕರಡಿ. ಅದ್ಯಾಕೆ ಇದ್ರಲ್ಲಿಲ್ಲ?" ಅಂದಳು.

"ಕಳಿಸಿದೋರು ಬಿಳೀದನ್ನೇ ಕಳಿಸವ್ರೆ ಕಣಮ್ಮಿ, ನಾನೇನು ಮಾಡ್ಲಿ?" ಅಂದೆ.

"ಓ, ಹಂಗಾರೆ ನಮ್ಮಪ್ಪನ್ನ ಕಚ್ಚಿದ್ದು ಸಿಲೆಬಸ್ಸಲ್ಲಿ ಇಲ್ದಿರೋ ಕರಡಿ."

ಸ್ಥಳೀಯ ಉದಾಹರಣೆ

ಆಮೇಲೆ ಚಾಮರಾಜನಗರದಲ್ಲಿ ಮೂರು ದಿನದ ತರಬೇತಿ. ವಿಷಯ, 'ಸ್ಥಳೀಯ ಸಂಸ್ಕೃತಿಗೆ ಹೊಂದುವ ವಿಜ್ಞಾನ ಬೋಧನೆ'. ಹೆಸರು ಕೇಳಿಯೇ ನಾನು ಕರಗಿಹೋಗಿದ್ದೆ. ಪಾಠ ಮಾಡಲು ದೊಡ್ಡ ಊರಿನಿಂದ ಒಬ್ಬ ಸಂಪನ್ಮೂಲ ವ್ಯಕ್ತಿ ಬಂದರು. ಕೋಟು ಹಾಕಿದ್ದರು. ಸ್ಲೈಡುಗಳೆಲ್ಲ ಇಂಗ್ಲಿಷಿನಲ್ಲಿ.

"ಮಕ್ಕಳ ದಿನನಿತ್ಯದ ಬದುಕಿನಿಂದಲೇ ಉದಾಹರಣೆ ಕೊಡಿ. ಈಗ ಮೆಟ್ರೋ ರೈಲು ಬ್ರೇಕ್ ಹಾಕಿದಾಗ ನಾವು ಮುಂದಕ್ಕೆ ಬಾಗ್ತೀವಲ್ಲ..."

ಹರವೆಯ ಕಡೆಯ ಮೇಷ್ಟ್ರೊಬ್ಬರು ಎದ್ದು ನಿಂತರು. "ಸಾರ್, ನಮ್ಮ ಮಕ್ಳು ಮೆಟ್ರೋ ಕಂಡಿಲ್ಲ. ಹರವೆ ಬಸ್ಸು ಬ್ರೇಕ್ ಆಕುದ್ರೂ ಮುಂದಕ್ಕೇ ಬೀಳ್ತವೆ. ಅದ್ನೇ ಹೇಳ್ಬೋದಾ?"

ಕೋಟಿನವರು ಸ್ಲೈಡಿನ ಕಡೆ ತಿರುಗಿ ನೋಡಿ ಹೇಳಿದರು. "ಹೇಳಬಹುದು. ಆದರೆ ಮೊದಲು ಸ್ಲೈಡಿನಲ್ಲಿರೋ ಮೆಟ್ರೋ ಮುಗಿಸಿಬಿಡಿ."

ಒಂದಕ್ಕೆ ನಾಲ್ಕು

ನಮ್ಮಲ್ಲಿ ಒಂದು ಪರೀಕ್ಷೆಗೆ ಒಂದು ಶಾಲೆಯ ಉತ್ತರಪತ್ರಿಕೆಯನ್ನು ಇನ್ನೊಂದು ಶಾಲೆಯವರು ತಿದ್ದುವ ಪದ್ಧತಿ ಇತ್ತು. ಪ್ರಶ್ನೆ, 'ಜೇನು ಎಲ್ಲಿ ವಾಸಿಸುತ್ತದೆ?' ನಮ್ಮ ಹಾಡಿ ಹುಡುಗಿ ಅರ್ಧ ಪುಟ ಬರೆದಿದ್ದಳು. ಹೆಜ್ಜೇನು ಎತ್ತರದ ಮರದ ಕೊಂಬೆಯಲ್ಲಿ. ತುಡುವೆಜೇನು ಮರದ ಪೊಟರೆಯಲ್ಲಿ. ಕೋಲುಜೇನು ಪೊದೆಯ ಕಡ್ಡಿಯಲ್ಲಿ. ನಸರಿಜೇನು ಗೋಡೆಯ ಸಂದಿಯಲ್ಲಿ. ಸೊನ್ನೆ ಬಿದ್ದಿತ್ತು.

ತಿದ್ದಿದವರಿಗೆ ಫೋನ್ ಮಾಡಿ, "ಏನ್ರೀ ಇದು ಅನ್ಯಾಯ?" ಅಂತ ಜಗಳಕ್ಕೇ ನಿಂತೆ.

"ಮೇಡಂ, ಕೀ ಆನ್ಸರಿನಲ್ಲಿ 'ಗೂಡಿನಲ್ಲಿ' ಅಂತ ಒಂದೇ ಪದ ಇದೆ. ಈ ಹುಡುಗಿ ನಾಲ್ಕು ಜಾಗ ಬರೆದಿದ್ದಾಳೆ. ನಾಲ್ಕರಲ್ಲಿ ಯಾವುದಕ್ಕೆ ಮಾರ್ಕ್ಸ್ ಕೊಡಲಿ, ನೀವೇ ಹೇಳಿ?"

ಅಜ್ಜಿಯ ಪ್ರಶ್ನೆ

ಆ ಸೊನ್ನೆ ನೋಡಿದ ಮೇಲೆ ಹುಡುಗಿ ಶಾಲೆಗೆ ಬರುವುದು ಬಿಟ್ಟಳು. "ನಂಗೆ ವಿಜ್ಞಾನ ಬರಕ್ಕಿಲ್ಲ, ಚೆಂಡುವ್ವ ಕುಯ್ಯಕ್ಕೆ ಓಯ್ತೀನಿ" ಅಂತ ಗೆಳತಿಯ ಕೈಲಿ ಹೇಳಿಕಳಿಸಿದಳು. ಚೆಂಡುಹೂವಿನ ಹೊಲದ ಕೂಲಿ. ವಿಜ್ಞಾನ ಬರುವುದಿಲ್ಲವಂತೆ! ನನ್ನ ಕ್ಲಾಸಿನಲ್ಲಿ ವಿಜ್ಞಾನ ಬರುತ್ತಿದ್ದದ್ದೇ ಅವಳೊಬ್ಬಳಿಗೆ. ಸ್ಕೂಟರ್ ಹತ್ತಿ ನೇರ ಹಾಡಿಗೆ ಹೋದೆ. ಅವಳ ಅಜ್ಜಿ ಜಗಲಿಯ ಮೇಲೆ ಎಲೆ ಅಡಿಕೆ ಹಾಕುತ್ತಾ ಕೂತಿದ್ದರು. ಎಲ್ಲ ಕೇಳಿಸಿಕೊಂಡರು.

"ಜೇನು ಗೂಡಲ್ಲಿರ್ತದೆ ಅಂತ ಬರ್ದೋರ್ಗೆಲ್ಲ ಮಾರ್ಕು ಕೊಟ್ರಾ ತಾಯಿ?"

"ಹೂಂ ಅಜ್ಜಿ."

"ಆ ಗೂಡು ಎಲ್ಲದೆ ಅಂತ ಅವ್ರು ಎಂಗ್ ಹುಡುಕ್ತಾರೆ?"

ಎಂ.ಎಸ್ಸಿ., ಬಿ.ಎಡ್. ಮಾಡಿದ ನಾನು ಜಗಲಿಯ ಮೇಲೆ ಅವರ ಪಕ್ಕ ಕೂತೆ. ಅಜ್ಜಿಯೇ ಹೇಳಿದರು. ಹಳ್ಳದ ನೀರಿಗೆ ಬಂದ ಜೇನು ಯಾವ ದಿಕ್ಕಿಗೆ ವಾಪಸ್ ಹಾರುತ್ತದೆ, ಎಷ್ಟು ಹೊತ್ತಿಗೆ ಮತ್ತೆ ಬರುತ್ತದೆ, ಎರಡನ್ನೂ ನೋಡಿದರೆ ಗೂಡಿನ ದಿಕ್ಕೂ ದೂರವೂ ಗೊತ್ತಾಗುತ್ತದಂತೆ. ಜಿಲ್ಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ಇದನ್ನೇ ಒಯ್ಯೋಣ, ಮೊಮ್ಮಗಳನ್ನು ಕಳಿಸಿ ಅಂತ ಕೈ ಮುಗಿದೆ.

"ಒಂದ್ಸಲ ಬರ್ತಾಳೆ. ಅಲ್ಲೂ ಸೊನ್ನೆ ಕೊಟ್ರೆ ಉವ್ವ ಕುಯ್ಯಕ್ಕೇಯ. ಆಗ ನೀವೂ ಬಂದ್ಬುಡಿ ತಾಯಿ, ನಿಮ್ಮ ಕೆಲ್ಸಕ್ಕಿಂತ ಅದೇ ವಾಸಿ."

ಉದ್ಘಾಟನೆ

ಪ್ರದರ್ಶನ ನಡೆದದ್ದು ಚಾಮರಾಜನಗರದ ಒಂದು ಕಾಲೇಜಿನಲ್ಲಿ. ಒಳಗೆ ಕಾಲಿಡುತ್ತಿದ್ದಂತೆ ಹುಡುಗಿ ತಲೆ ಎತ್ತಿ ನೋಡಿದಳು. ಪೋರ್ಟಿಕೋದ ಚಾವಣಿಯಲ್ಲಿ ಮೊರದಗಲ ಹೆಜ್ಜೇನು. "ಮಿಸ್, ಇದ್ರ ಕೆಳಗೆ ಹೊಗೆ ಹಾಕ್ಬೇಡಿ ಅಂತ ಹೇಳ್ಬುಡಿ" ಅಂದಳು. ವ್ಯವಸ್ಥಾಪಕರಿಗೆ ಹೇಳಿದೆ. "ಅದೆಲ್ಲ ನಾವು ನೋಡ್ಕೋತೀವಿ ಮೇಡಂ" ಅಂದರು.

ಅವಳು ತನ್ನ ಮೇಜಿಗೆ ಅಜ್ಜಿಯ ಕಂಬಳಿ ಹೊದಿಸಿದಳು. ಅದರ ಮೇಲೆ ಒಂದು ತಟ್ಟೆ ನೀರು, ಹಳ್ಳದ ನಕ್ಷೆ, ನಾಲ್ಕು ಬಗೆಯ ಒಣಗಿದ ಜೇನುಹುಟ್ಟು. ಅಕ್ಕಪಕ್ಕದಲ್ಲೆಲ್ಲ ಥರ್ಮಾಕೋಲಿನ ಜ್ವಾಲಾಮುಖಿಗಳು. ತೀರ್ಪುಗಾರರು ಬಂದರು. ನೋಡಿದರೆ ಅದೇ ಕೋಟು! ಸ್ಥಳೀಯ ಸಂಸ್ಕೃತಿಯವರು!

"ಸ್ವಿಚ್ ಎಲ್ಲಿ?" ಅಂದರು.

"ಸ್ವಿಚ್ಚಿಲ್ಲ ಸಾ, ಜೇನು ತಾನೇ ಹಾರ್ತದೆ."

"ವೈರೂ ಇಲ್ಲ, ಬಲ್ಬೂ ಇಲ್ಲ. ಇದು ವಿಜ್ಞಾನ ಅಲ್ಲಮ್ಮ, ಜಾನಪದ." ನನ್ನ ಕಡೆ ತಿರುಗಿ, "ಈ ಹುಡುಗಿಗೆ ಕಾಡಿನವರ ಡ್ರೆಸ್ ಹಾಕಿಸಿ ಸ್ವಾಗತ ನೃತ್ಯಕ್ಕೆ ಕಳಿಸಿ, ಚೆನ್ನಾಗಿರುತ್ತೆ" ಅಂದರು.

ಹುಡುಗಿ ತಲೆ ತಗ್ಗಿಸಿದಳು. ನನ್ನ ಬಾಯಿಗೆ ಏನೇನು ಬಂತೋ ಅದನ್ನು ಇಲ್ಲಿ ಬರೆಯುವಂತಿಲ್ಲ. ಬಂದದ್ದು ಈಚೆ ಬೀಳುವ ಮೊದಲೇ ಮೈಕು ಕೂಗಿತು. ತಡವಾಗಿ ಬಂದ ಮುಖ್ಯ ಅತಿಥಿಗಳು ದೀಪ ಹಚ್ಚುವ ಬದಲು ವೈಜ್ಞಾನಿಕವಾಗಿ ಜ್ವಾಲಾಮುಖಿ ಹಚ್ಚುತ್ತಾರಂತೆ. ಎಲ್ಲಿ? ಪೋರ್ಟಿಕೋದಲ್ಲಿ!

ಹಚ್ಚಿದರು. ಹೊಗೆ ಸೀದಾ ಮೇಲಕ್ಕೆ ಹೋಯಿತು. ಹೆಜ್ಜೇನು ಸೀದಾ ಕೆಳಕ್ಕೆ ಬಂತು.

"ಕೈ ಬೀಸ್ಬೇಡಿ! ಒಳಕ್ಕೆ ಬನ್ನಿ, ಬಾಗ್ಲು ಹಾಕಿ!" ಅಂತ ಹುಡುಗಿ ಕಿರುಚಿದಳು. ಮಕ್ಕಳು ಕೇಳಿದವು, ಒಂದಕ್ಕೂ ಏನೂ ಆಗಲಿಲ್ಲ. ಅತಿಥಿಗಳ ಪಕ್ಕ ಹೋಗಿ ನಿಂತಿದ್ದ ಕೋಟಿನವರು ಎರಡೂ ಕೈ ಬೀಸಿಕೊಂಡೇ ಓಡಿಬಂದು ಅವಳ ಮೇಜಿನ ಕೆಳಗೆ ನುಗ್ಗಿ ಕಂಬಳಿ ಎಳೆದುಕೊಂಡರು. ಮೂಗು ಆಗಲೇ ಬದನೆಕಾಯಿಯಷ್ಟಾಗಿತ್ತು.

ಕಂಬಳಿಯೊಳಗಿಂದ ದನಿ ಬಂತು. "ಏನಮ್ಮಾ, ಈಗ ಏನು ಮಾಡೋದು?"

"ನೀವೇ ಹೇಳ್ಬೇಕು ಸಾ. ನೀವು ವಿಜ್ಞಾನ, ನಂದು ಜಾನಪದ."

ಹೇಳಿದಳೇ ಹೊರತು, ಕೂತು ಅವರ ಕತ್ತಿನ ಮುಳ್ಳುಗಳನ್ನೆಲ್ಲ ಉಗುರಿನಲ್ಲಿ ಕೆರೆದು ತೆಗೆದವಳೂ ಅವಳೇ. ಸಂಜೆ ಫಲಿತಾಂಶ. ಮೊದಲ ಬಹುಮಾನ ಜ್ವಾಲಾಮುಖಿಗೆ, ಯಾಕೆಂದರೆ ಅದು ನಿಜವಾಗಿ ಕೆಲಸ ಮಾಡಿತು. ನಮಗೆ ಏನೂ ಇಲ್ಲ.

ಗುಂಡ್ಲುಪೇಟೆ ಬಸ್ಸಿನಲ್ಲಿ ನನಗೆ ಸಿಟ್ಟಿಗೆ ಕಣ್ಣಲ್ಲಿ ನೀರು. ಅಜ್ಜಿಗೆ ಏನು ಹೇಳಲಿ, ನಾಳೆಯಿಂದ ಇವಳು ಹೂವಿನ ಹೊಲಕ್ಕೇ. ಪಕ್ಕದಲ್ಲಿ ಕಂಬಳಿ ಮಡಿಸಿ ತೊಡೆಯ ಮೇಲಿಟ್ಟುಕೊಂಡಿದ್ದವಳು ನನ್ನ ಕಡೆ ತಿರುಗಿ ಕೇಳಿದಳು.

"ಮಿಸ್, ತೀರ್ಪು ಕೊಡೋರಾಗಕ್ಕೆ ಎಷ್ಟು ಓದ್ಬೇಕು?"

"ಎಂ.ಎಸ್ಸಿ. ಆಗ್ಬೇಕು, ಆಮೇಲೆ ಪಿಎಚ್.ಡಿ. ಬಹಳ ವರ್ಷ ಕಣಮ್ಮಿ."

"ಆಗ್ಲಿ ಬುಡಿ, ನಾಳಿಕೆ ಬತ್ತೀನಿ. ಜೇನ್ಗೆ ಕೈ ಬೀಸ್ಬಾರ್ದು ಅನ್ನದು ನಂಗೆ ಆಗ್ಲೇ ಗೊತ್ತಲ್ಲ, ಅವ್ರಿಗಿಂತ ಒಂದು ಪಾಠ ಕಮ್ಮಿ ಓದುದ್ರೆ ಸಾಕು."