ಕರಾರಿನಲ್ಲಿ ಇಲ್ಲದ ಅಕ್ಕರೆ

ಸಂಬಳ ಕೊಡುವ ಯಜಮಾನರಿಗೆಲ್ಲ ಭಯ ಹುಟ್ಟುವುದು ಸಂಬಳದ ಹಿಂದಿನ ದಿನ. ಕೊರಿಯಾದ ಜೆಚೊನ್ ಊರಿನ ಯೊಂಜಾಳಿಗೆ ಮಾತ್ರ ಭಯ ಹುಟ್ಟುತ್ತಿದ್ದುದು ಸಂಬಳ ಕೊಟ್ಟ ಮಾರನೆಯ ದಿನ.

ಅವಳ ಗಂಡ ಮಾನ್‌ಬೊಕ್ ಕೋಳಿ ಕರಿಯುವ ಅಂಗಡಿಯ ಮೇಲಿನ ಮಹಡಿಯಲ್ಲಿ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ಅಕಾಡೆಮಿ ನಡೆಸುತ್ತಿದ್ದ. ಅವನು ನಿರ್ದೇಶಕ, ಅಂದರೆ ಟೈ ಕಟ್ಟಿಕೊಳ್ಳುವವನು, ಇಂಗ್ಲಿಷ್ ಮಾತಾಡಬೇಕಾಗಿ ಬಂದರೆ ಅದನ್ನು ಸಡಿಲಿಸುವವನು. ಯೊಂಜಾ ಹಳದಿ ವ್ಯಾನಿನ ಸಾರಥಿ, ಕಸಗುಡಿಸುವ ಖಾತೆಯ ಸಚಿವೆ, ಜೊತೆಗೆ ಅಳುವ ಮಕ್ಕಳಿಗೆ ಬಿಸ್ಕತ್ತು ಕೊಡುವ ಅಧಿಕಾರಿ. ಪಾಠಕ್ಕೆ ಮಾತ್ರ ಪರದೇಶದವರೇ ಬೇಕು. ತಾಯಂದಿರು ಫೀಸು ಕಟ್ಟುತ್ತಿದ್ದುದೇ ಆ ಪರದೇಶದ ಮುಖಕ್ಕೆ.

ಹೋದ ವರ್ಷ ಅಂಥದ್ದೊಂದು ಮುಖ ಇತ್ತು. ಕೆನಡಾದ ಹುಡುಗ, ಬ್ರೆಂಡನ್ ಎಂದು ಹೆಸರು. ಸಂಬಳ ಎರಡೂ ಕೈಯಲ್ಲಿ ತೆಗೆದುಕೊಂಡ, ಬಗ್ಗಿ ನಮಸ್ಕಾರ ಮಾಡಿದ, ಮಾರನೆಯ ದಿನ ವಿಮಾನದಲ್ಲಿದ್ದ. (ನಮಸ್ಕಾರ ಎಂದಿಗಿಂತ ಹೆಚ್ಚು ಬಗ್ಗಿ ಮಾಡಿದ್ದ ಎಂದು ಯೊಂಜಾಳಿಗೆ ಆಮೇಲೆ ಹೊಳೆಯಿತು.) ಅವನು ಹೋದ ವಾರದಲ್ಲೇ ಅರ್ಧದಷ್ಟು ಮಕ್ಕಳು ಎದುರು ರಸ್ತೆಯ ಅಕಾಡೆಮಿಗೆ ಸೇರಿಕೊಂಡರು. ಇನ್ನೊಬ್ಬರು ಹೀಗೆ ಓಡಿಹೋದರೆ ಉಳಿದರ್ಧವೂ ಹೋಗುತ್ತದೆ, ವ್ಯಾನು ಮಾರಬೇಕಾಗುತ್ತದೆ, ಮಾನ್‌ಬೊಕ್ ಟೈ ಬಿಚ್ಚಿ ಕೆಳಗಿನ ಅಂಗಡಿಯಲ್ಲಿ ಕೋಳಿ ಕರಿಯಬೇಕಾಗುತ್ತದೆ. ಇದು ಯೊಂಜಾಳಿಗೆ ಊಟ ಮಾಡುವಾಗಲೂ ಕಣ್ಣ ಮುಂದೆಯೇ ಇರುತ್ತಿತ್ತು.

ಈಗ ಬಂದಿದ್ದವಳು ದಕ್ಷಿಣ ಆಫ್ರಿಕಾದ ಡರ್ಬನ್ನಿನ ಲಿಂಡಿವೆ. ಒಳ್ಳೆಯ ಹುಡುಗಿ. ಮಕ್ಕಳು ಅವಳ ಕೈಗೆ ಜೋತುಬೀಳುತ್ತಿದ್ದವು. ಅಷ್ಟು ಒಳ್ಳೆಯವಳಾದದ್ದರಿಂದಲೇ ಯೊಂಜಾಳಿಗೆ ಭಯ ಇನ್ನೂ ಹೆಚ್ಚು.

ಮಾನ್‌ಬೊಕ್‌ನಿಗೆ ಯಾವ ಭಯವೂ ಇರಲಿಲ್ಲ. ಅವನ ಲೆಕ್ಕದಲ್ಲಿ ಕರಾರು ಎನ್ನುವುದು ಕಬ್ಬಿಣದ ಸರಪಳಿ. ತಪ್ಪದೆ ಸಂಬಳ, ಬಾಡಿಗೆ ಇಲ್ಲದ ಮನೆ, ಹೋಗಿ ಬರುವ ವಿಮಾನದ ಖರ್ಚು, ಆಸ್ಪತ್ರೆ ವಿಮೆಯಲ್ಲಿ ಅರ್ಧ, ವರ್ಷ ತುಂಬಿದರೆ ಒಂದು ತಿಂಗಳ ಸಂಬಳ ಮೇಲೆ. ಇಷ್ಟೆಲ್ಲ ಬಿಟ್ಟು ಯಾರು ಹೋಗುತ್ತಾರೆ ಎಂದು ಅವನು ಕೇಳುತ್ತಿದ್ದ.

"ಬ್ರೆಂಡನ್ ಹೋದ," ಎಂದಳು ಯೊಂಜಾ.

"ಅವನಿಗೆ ತಲೆ ಸರಿ ಇರಲಿಲ್ಲ."

"ಇದೆಲ್ಲ ಎದುರಿನವರೂ ಕೊಡ್ತಾರೆ ಕಣ್ರೀ. ಅವರು ಕೊಡದೆ ಇರೋದು ಏನಾದ್ರೂ ನಾವು ಕೊಡ್ಬೇಕು."

"ಏನು?"

"ಅಕ್ಕರೆ."

ಅದಕ್ಕೆ ಖರ್ಚಿಲ್ಲವೆಂದು ಮಾನ್‌ಬೊಕ್ ತಕ್ಷಣ ಒಪ್ಪಿದ.

ಟೀಚರಿಗೆ ಕೊಟ್ಟಿದ್ದ ಮನೆ ಹಿಂದಿನ ಬೀದಿಯಲ್ಲಿತ್ತು. ಒಂದೇ ಕೋಣೆ, ಒಂದು ಒಲೆ, ಅಲ್ಲಿನ ಮನೆಗಳಲ್ಲಿರುವಂತೆ ಅಡಿಯಿಂದ ಬಿಸಿ ಹಾಯಿಸುವ ಬೆಚ್ಚಗಿನ ನೆಲ. ಬಾಗಿಲಿಗೆ ಬೀಗದ ಕೈ ಇಲ್ಲ, ಅಂಕಿಗಳನ್ನು ಒತ್ತಿದರೆ ತೆರೆದುಕೊಳ್ಳುತ್ತಿತ್ತು. ಮನೆ ಹಿಡಿದವಳು ಯೊಂಜಾ, ಮುಂಗಡ ಕೊಟ್ಟವಳು ಯೊಂಜಾ, ಅಂಕಿ ಇಟ್ಟವಳೂ ಯೊಂಜಾ. ಹೀಗಿರುವಾಗ ಒಳಗೆ ಹೋಗಲು ಯಾರನ್ನಾದರೂ ಕೇಳಬೇಕು ಎಂಬ ಯೋಚನೆ ಅವಳಿಗೆ ಬರುವುದಾದರೂ ಹೇಗೆ? ಲಿಂಡಿವೆ ಪಾಠದಲ್ಲಿದ್ದಾಗ ಅವಳು ಹೋಗಿ, ಫ್ರಿಜ್ಜಿನಲ್ಲಿ ಕೋಸಿನ ಕಿಮ್ಚಿ, ಅಂದರೆ ಹುಳಿಬರಿಸಿದ ಖಾರದ ಉಪ್ಪಿನಕಾಯಿ, ಇಟ್ಟು ಬಂದಳು. ಲಿಂಡಿವೆ ಮಾರನೆಯ ದಿನ ಬಗ್ಗಿ ಧನ್ಯವಾದ ಹೇಳಿದಳು. ಯೊಂಜಾ ಆಮೇಲೆ ಮೂಲಂಗಿ ಕಿಮ್ಚಿ ಇಟ್ಟಳು, ಎಳ್ಳೆಣ್ಣೆ ಹಾಕಿದ ಸೊಪ್ಪು ಇಟ್ಟಳು, ಒಲೆಯ ಮೇಲೆ ಸಾರು ಇಟ್ಟಳು. ಪಾತ್ರೆಗಳು ಒಂದು ಕ್ರಮದಲ್ಲಿಲ್ಲ ಎನಿಸಿ ಜೋಡಿಸಿಟ್ಟಳು. ಒಣಹಾಕಿದ್ದ ಬಟ್ಟೆ ಮಡಚಿದಳು, ಒಳಬಟ್ಟೆಗಳನ್ನೂ ಸೇರಿಸಿ. ಸ್ವಂತ ಮಗಳಿದ್ದರೆ ಇನ್ನೇನು ಮಾಡುತ್ತಿದ್ದಳು?

ಬರಬರುತ್ತ ಲಿಂಡಿವೆ ಧನ್ಯವಾದ ಹೇಳುವುದನ್ನು ನಿಲ್ಲಿಸಿದಳು. ಮಾತೂ ಕಡಿಮೆಯಾಯಿತು. ವ್ಯಾನಿನಲ್ಲಿ ಕೂತು ಕಿಟಕಿಯಾಚೆ ನೋಡುತ್ತಿದ್ದಳು.

ಬ್ರೆಂಡನ್ ಕೂಡ ಹೀಗೇ ಕಿಟಕಿಯಾಚೆ ನೋಡುತ್ತಿದ್ದ. ಅಕ್ಕರೆ ಸಾಲದು ಎಂದುಕೊಂಡಳು ಯೊಂಜಾ.

ಚಳಿ ಬಿದ್ದಿತ್ತು. ಸೋಯಾಕಾಳು ಬೇಯಿಸಿ, ಕಂಬಳಿ ಸುತ್ತಿ, ಬೆಚ್ಚಗಿನ ನೆಲದ ಮೇಲಿಟ್ಟು ಹುದುಗಿಸುವ ಕಾಲ. ಅದರ ಗೊಜ್ಜಿಗೆ ಸಮನಾದ ಔಷಧ ಬೇರೊಂದಿಲ್ಲ. ಅದರ ವಾಸನೆಗೆ ಸಮನಾದದ್ದೂ ಬೇರೊಂದಿಲ್ಲ. ಯೊಂಜಾಳ ಸ್ವಂತ ಮನೆಯಲ್ಲಿ ಹುದುಗಿಸಿದರೆ ಮೇಲಿನ ಮನೆಯವರು ಕಾವಲುಗಾರನನ್ನು ಕಳಿಸುತ್ತಿದ್ದರು. ಆದರೆ ಟೀಚರ ಮನೆಯ ನೆಲ ಸದಾ ಬೆಚ್ಚಗೆ, ಡರ್ಬನ್ನಿನವಳಿಗೆ ಚಳಿ ತಡೆಯಲಾಗದು. ಅರ್ಧ ಕಾಳು ಅವಳಿಗೇ ಅಲ್ಲವೇ? ಹೀಗೆಂದುಕೊಂಡು ಯೊಂಜಾ ಒಂದು ದೊಡ್ಡ ಬುಟ್ಟಿಗೆ ಕಂಬಳಿ ಹೊದಿಸಿ, ಬಟ್ಟೆಯ ಕಪಾಟಿನ ಪಕ್ಕ, ನೆಲ ಹೆಚ್ಚು ಬಿಸಿ ಇರುವ ಜಾಗ ಹುಡುಕಿ ಪ್ರತಿಷ್ಠಾಪನೆ ಮಾಡಿದಳು.

ಸಂಬಳ ಕೊಟ್ಟ ಮಾರನೆಯ ದಿನ, ಕಾಳು ಹುದುಗಿ ಅಂಟಂಟಾಗಿ ನೂಲು ಬಿಟ್ಟಿದೆಯೇ ನೋಡಲು ಹೋದಳು. ಕಾಳು ಚೆನ್ನಾಗಿಯೇ ನೂಲು ಬಿಟ್ಟಿತ್ತು. ಕಪಾಟು ಮಾತ್ರ ಬಾಯಿ ತೆರೆದುಕೊಂಡು ನಿಂತಿತ್ತು. ಒಳಗೆ ಒಂದು ಬಟ್ಟೆಯೂ ಇಲ್ಲ. ಬರೀ ಹ್ಯಾಂಗರುಗಳು.

ಯೊಂಜಾ ಕಾಳಿನ ಬುಟ್ಟಿಯ ಪಕ್ಕದಲ್ಲೇ ಕುಸಿದು ಕೂತು ಗಂಡನಿಗೆ ಫೋನು ಮಾಡಿದಳು. ಮಾನ್‌ಬೊಕ್ ಟೀಚರಿಗೆ ಕರೆ ಮಾಡಿದ, ಅವಳು ಎತ್ತಲಿಲ್ಲ. ಆಗ ಅವನೂ ಹೆದರಿದ. ವಿಮಾನ ನಿಲ್ದಾಣದ ಬಸ್ಸು ಹೊರಡುವ ಜಾಗಕ್ಕೆ ತಾನು ಹೋಗುತ್ತೇನೆ, ನೀನು ಯಾರಿಗೂ ಏನೂ ಹೇಳಬೇಡ, ಸುಮ್ಮನಿರು ಎಂದ.

ಸುಮ್ಮನಿರುವುದು ಯೊಂಜಾಳಿಗೆ ಹುಟ್ಟಿದಾಗಿನಿಂದ ಬಂದದ್ದಲ್ಲ. ಸುದ್ದಿ ಎದುರಿನ ಅಕಾಡೆಮಿಯಿಂದ ಹೊರಡುವ ಮೊದಲು ತನ್ನ ಬಾಯಿಂದಲೇ ಹೊರಡುವುದು ಮೇಲು ಎನಿಸಿತು. ತಾಯಂದಿರ ಗುಂಪಿಗೆ ಮುಖ್ಯಸ್ಥೆಯಾದ ಜಿಹೂನ ತಾಯಿಗೆ ಫೋನು ಮಾಡಿ, ಪಾಪ, ಟೀಚರ ತಂದೆಗೆ ಇದ್ದಕ್ಕಿದ್ದಂತೆ ಹುಷಾರು ತಪ್ಪಿದೆ, ಊರಿಗೆ ಹೋದರು, ಇನ್ನೂ ಒಳ್ಳೆಯ ಟೀಚರು ಬರುತ್ತಾರೆ, ನೀವು ಧೈರ್ಯವಾಗಿರಿ ಎಂದಳು. ಆ ತಾಯಿ ಧೈರ್ಯವಾಗಿರಲಿಲ್ಲ. ಪಾಠದ ಹೊತ್ತಿಗೆ ಹತ್ತಾರು ತಾಯಂದಿರು ಅಕಾಡೆಮಿಯ ಮೆಟ್ಟಿಲ ಮೇಲೆ ಫೀಸು ವಾಪಸು ಕೇಳುತ್ತ ನಿಂತಿದ್ದರು. ಬಸ್ಸಿನಲ್ಲಿ ಯಾರೂ ಸಿಗದೆ ಮರಳಿದ ಮಾನ್‌ಬೊಕ್ ಅವರ ನಡುವೆ ಬೆವರುತ್ತಿದ್ದ.

ಆ ಮೆಟ್ಟಿಲನ್ನು ಹತ್ತಿಕೊಂಡು ಲಿಂಡಿವೆ ಬಂದಳು. ಎಲ್ಲರಿಗೂ ನಮಸ್ಕಾರ ಮಾಡಿದಳು. ಜಿಹೂನ ತಾಯಿ ಅವಳ ಕೈ ಹಿಡಿದು, ನಿಮ್ಮ ತಂದೆ ಹೇಗಿದ್ದಾರೆ ಎಂದು ಕಣ್ಣೀರು ತಂದುಕೊಂಡು ಕೇಳಿದಳು. ನಿನ್ನೆ ರಾತ್ರಿ ತಾನೇ ಮಾತಾಡಿದೆ, ಚೆನ್ನಾಗಿದ್ದಾರೆ, ಮೀನು ಹಿಡಿಯಲು ಹೊರಟಿದ್ದರು ಎಂದು ಲಿಂಡಿವೆ ಹೇಳಿದಳು. ತಾಯಂದಿರೆಲ್ಲ ಒಟ್ಟಿಗೆ ಯೊಂಜಾಳ ಕಡೆ ತಿರುಗಿದರು. ಅವಳು ವ್ಯಾನಿಗೆ ಪೆಟ್ರೋಲ್ ಹಾಕಿಸಬೇಕೆಂದು ನೆನಪು ಮಾಡಿಕೊಂಡಳು.

ಪಾಠ ಮುಗಿದ ಮೇಲೆ ಕಚೇರಿಯಲ್ಲಿ ಮೂವರೂ ಕೂತರು. ಬಟ್ಟೆಗಳು ಡ್ರೈಕ್ಲೀನಿಂಗ್ ಅಂಗಡಿಯಲ್ಲಿದ್ದವು, ಪ್ರತಿಯೊಂದೂ. ಹಿಂದಿನ ದಿನ ತರಗತಿಯಲ್ಲಿ ಮಕ್ಕಳು ಟೀಚರ ಹತ್ತಿರ ಬಂದು ಮೂಗು ಮುಚ್ಚಿಕೊಂಡು ಓಡಿದ್ದವು. ಅಂಗಡಿಯವನ ಹತ್ತಿರ ಬೇಗ ಕೊಡಿ ಎಂದು ಜಗಳವಾಡುತ್ತಿದ್ದುದರಿಂದ ಫೋನು ಕೇಳಿಸಿರಲಿಲ್ಲ.

ಲಿಂಡಿವೆ ಯೊಂಜಾಳಿಗೆ ತಾನು ಕಲಿತಷ್ಟು ಕೊರಿಯನ್ ಮಾತಿನಲ್ಲಿ, ನಿಧಾನವಾಗಿ ಹೇಳಿದಳು.

"ಅಮ್ಮಾವ್ರೆ, ನಿಮ್ಮ ಅಡುಗೆ ಚೆನ್ನಾಗಿದೆ. ಆದ್ರೆ ನಾನು ಒಬ್ಳೇ ಇರೋದು. ಮನೆಗೆ ಹೋದ್ರೆ ಯಾರೋ ಬಂದು ಹೋಗಿದಾರೆ ಅಂತ ಗೊತ್ತಾಗುತ್ತೆ. ನಂಗೆ ಭಯ ಆಗುತ್ತೆ. ದಿನಾ ಆಗುತ್ತೆ."

ಭಯ ತನ್ನೊಬ್ಬಳಿಗೇ ಎಂದು ಯೊಂಜಾ ಇಷ್ಟು ದಿನ ಅಂದುಕೊಂಡಿದ್ದಳು.

"ಬ್ರೆಂಡನ್ ಮನೆಗೂ ಹೋಗ್ತಿದ್ರಾ?" ಎಂದು ಲಿಂಡಿವೆ ಕೇಳಿದಳು. ಓಡಿಹೋದವನ ಕತೆ ಮಕ್ಕಳಿಂದ ಅವಳ ಕಿವಿಗೂ ಬಿದ್ದಿತ್ತು.

ಮಾನ್‌ಬೊಕ್ ಹೆಂಡತಿಯನ್ನು ನೋಡಿದ.

"ಅವನಿಗೆ ಬರೀ ಸಾರು ಇಟ್ಟಿದ್ದೆ," ಎಂದಳು ಯೊಂಜಾ. ಸ್ವಲ್ಪ ಹೊತ್ತಾದ ಮೇಲೆ, "ಅವನು ಸ್ನಾನ ಮಾಡ್ತಿದ್ದಾನೆ ಅಂತ ನಂಗೇನು ಗೊತ್ತಿತ್ತು," ಎಂದು ಸೇರಿಸಿದಳು.

ಮಾನ್‌ಬೊಕ್ ಎದ್ದು ಕಚೇರಿಯ ಬಾಗಿಲು ಮುಚ್ಚಿದ.

ಕೊನೆಗೆ ಲಿಂಡಿವೆ ತನ್ನ ಬೇಡಿಕೆ ಇಟ್ಟಳು. ಇನ್ನೊಂದು ವರ್ಷವೂ ತಾನು ಇಲ್ಲೇ ಕಲಿಸುತ್ತೇನೆ, ಮಕ್ಕಳನ್ನು ಬಿಟ್ಟುಹೋಗಲು ಮನಸ್ಸಿಲ್ಲ. ಆದರೆ ಮನೆ ಬೇಡ, ಬದಲಿಗೆ ಬಾಡಿಗೆ ಭತ್ಯೆ ಕೊಡಿ, ಮನೆ ತಾನೇ ಹುಡುಕಿಕೊಳ್ಳುತ್ತೇನೆ. ಮಾನ್‌ಬೊಕ್ ಆಗಲೇ ಪೆನ್ನು ತೆರೆದಿದ್ದ. ಹೊಸ ಕರಾರಿಗೆ ಅಲ್ಲೇ ಸಹಿ ಬಿತ್ತು. ಯೊಂಜಾಳ ಎದೆಯ ಭಾರ ಇಳಿಯಿತು. ಅವಳು ವ್ಯಾನಿನಲ್ಲಿ ಒಬ್ಬಳೇ ಕೂತು ಅತ್ತಳು, ಆಮೇಲೆ ಒಂದು ಹಾಡು ಹಾಕಿಕೊಂಡು ಮನೆಗೆ ಬಂದಳು.

ಸಮಸ್ಯೆ ಉಳಿದದ್ದು ಖಾಲಿಯಾದ ಮನೆಯದು. ಮುಂಗಡ ಸಿಕ್ಕಿಬಿದ್ದಿತ್ತು, ಮಾಲೀಕ ನಡುವೆ ಬಿಟ್ಟುಕೊಡಲು ಒಪ್ಪಲಿಲ್ಲ. ಬೆಚ್ಚಗಿನ ನೆಲದ ಮನೆ ಸುಮ್ಮನೆ ಯಾಕಿರಬೇಕು ಎಂದು ಮಾನ್‌ಬೊಕ್ ಹಳ್ಳಿಯಿಂದ ತನ್ನ ತಾಯಿಯನ್ನು ಕರೆಸಿದ. ಒಬ್ಬನೇ ಮಗನ ಮನೆ ಪರರ ಮನೆಯೇ? ತಾಯಿ ಕೇಳಿದ್ದೇ ತಡ, ತಾನೂ ಯೊಂಜಾಳೂ ಇರುವ ಮನೆಯ ಬಾಗಿಲಿನ ಅಂಕಿಯನ್ನೂ ಹೇಳಿದ.

ಅತ್ತೆ ಬೆಳಿಗ್ಗೆ ಬರುತ್ತಿದ್ದರು, ಮಧ್ಯಾಹ್ನ ಬರುತ್ತಿದ್ದರು. ಫ್ರಿಜ್ಜಿನಲ್ಲಿದ್ದ ಸೊಸೆಯ ಕಿಮ್ಚಿ ತೆಗೆದು ತಮ್ಮದನ್ನು ಇಟ್ಟರು. ಅಕ್ಕಿ ಡಬ್ಬಿಯ ಜಾಗ ಬದಲಾಯಿತು, ಅಕ್ಕಿಯೂ ಬದಲಾಯಿತು. ಒಂದು ದಿನ ಯೊಂಜಾ ತಲೆಗೆ ಟವೆಲ್ ಸುತ್ತಿಕೊಂಡು ಬಚ್ಚಲಿಂದ ಹೊರಗೆ ಬಂದರೆ, ಅತ್ತೆ ನೆಲದ ಮೇಲೆ ಕೂತು ಅವಳ ಒಳಬಟ್ಟೆ ಮಡಚುತ್ತಿದ್ದರು.

"ಎಲಾಸ್ಟಿಕ್ಕೆಲ್ಲ ಹೋಗಿದೆ ಕಣೆ," ಎಂದರು. "ನನ್ನ ಮಗ ಇದನ್ನೂ ಕೊಡಿಸಲ್ವಾ?"

ಆ ಸಂಜೆ ಯೊಂಜಾ ಲಿಂಡಿವೆಯ ಹೊಸ ಮನೆಗೆ ಹೋದಳು. ಬೆಲ್ ಒತ್ತಿ ದೂರ ಸರಿದು ನಿಂತಳು. ಬಾಗಿಲು ತೆರೆಯುವ ತನಕ ಕಾದಳು. ಕೈಯಲ್ಲಿ ಯಾವ ಡಬ್ಬಿಯೂ ಇರಲಿಲ್ಲ. ಲಿಂಡಿವೆ ಅವಳ ಎರಡೂ ಕೈ ನೋಡಿ ಆಮೇಲೆ ಒಳಗೆ ಕರೆದಳು, ಕೂರಲು ದಿಂಬು ಕೊಟ್ಟಳು, ಹಾಲು ಹಾಕಿದ ಚಹ ಮಾಡಿದಳು.

ಯೊಂಜಾ ಅರ್ಧ ಚಹ ಕುಡಿದು ಕೇಳಿದಳು. "ಟೀಚರ್, ಈ ಬಾಡಿಗೆ ಭತ್ಯೆ ಅನ್ನೋದು ವ್ಯಾನ್ ಓಡಿಸೋರಿಗೂ ಸಿಗುತ್ತಾ?"

"ಕರಾರಲ್ಲಿ ಇದ್ರೆ ಸಿಗುತ್ತೆ. ನಿಮ್ಮ ಕರಾರಲ್ಲಿ ಏನಿದೆ?"

ಮದುವೆಯಾದ ದಿನದಿಂದ ಇಂದಿನವರೆಗೆ ಏನೇನಕ್ಕೆ ಒಪ್ಪಿಕೊಂಡೆ ಎಂದು ಯೊಂಜಾ ಯೋಚಿಸಿ ನೋಡಿದಳು. ಸಂಬಳ ಇಲ್ಲ, ರಜೆ ಇಲ್ಲ, ವಿಮಾನದ ಖರ್ಚಂತೂ ಕೇಳುವುದೇ ಬೇಡ.

"ಒಂದು ಬರೆದುಕೊಡಿ ಟೀಚರ್," ಎಂದಳು. "ಇಂಗ್ಲಿಷಿನಲ್ಲೇ ಇರ್ಲಿ. ನಮ್ಮೆಜಮಾನ್ರು ಹೆದರೋದು ಅದೊಂದಕ್ಕೇ."