ಇಂಗ್ಲಿಷಿನ ವಿಶೇಷಣ ಉಪವಾಕ್ಯಗಳ ದರ್ಜೆವಾರು ಹಂಚಿಕೆ

ಸಂಖ್ಯೆ: ಆಡಳಿತ/ಇಂಗ್ಲಿಷ್/ಬಾಲ/೭

ವಿಷಯ: ಇಂಗ್ಲಿಷ್ ಪತ್ರಗಳಲ್ಲಿ ಹೂ, ವಿಚ್, ದಟ್ ಎಂದು ಶುರುವಾಗಿ ನಾಮಪದವನ್ನು ಬಣ್ಣಿಸುವ ಉಪವಾಕ್ಯಗಳ ಬಳಕೆ ಕುರಿತು.

ಉಲ್ಲೇಖ: ಟೈಪಿಸ್ಟಮ್ಮನವರ ರಜೆ ಅರ್ಜಿ.

ಇಡೀ ಭೂಮಂಡಲದಲ್ಲಿ ಇಂಗ್ಲಿಷನ್ನು ಅರೆದು ಕುಡಿದ ಇಲಾಖೆ ಇದೊಂದೇ. ನಿರ್ದೇಶಕರು ಬರೆದ ಒಂದು ವಾಕ್ಯ ಓದಿ ಮುಗಿಸುವಷ್ಟರಲ್ಲಿ ಮೇಜಿನ ಮೇಲಿನ ಚಹಾ ಆರಿ, ಕೆನೆಗಟ್ಟಿ, ಲೋಟ ತೊಳೆದಿಡುವ ಹೊತ್ತಾಗಿರುತ್ತದೆ. ಇಂಥಲ್ಲಿ ಸಿಬ್ಬಂದಿಯು 'ಅವರು ಬಂದರು, ಇವರು ಹೋದರು' ಎಂಬ ಬೋಳು ಇಂಗ್ಲಿಷ್ ಬರೆದು ಮಾನ ಕಳೆಯುತ್ತಿರುವುದು ಗಮನಕ್ಕೆ ಬಂದಿದ್ದು, ಕೆಳಕಂಡಂತೆ ಆದೇಶಿಸಲಾಗಿದೆ:

೧. ಇನ್ನು ಮುಂದೆ ಯಾರ ಹೆಸರೂ ಉಪವಾಕ್ಯವಿಲ್ಲದೆ ಬರಿಮೈಯಲ್ಲಿ ಹೊರಡತಕ್ಕದ್ದಲ್ಲ. ನಿರ್ದೇಶಕರಿಗೆ ಬೇಕಾದಷ್ಟು, ಉಪನಿರ್ದೇಶಕರಿಗೆ ಮೂರು, ಗುಮಾಸ್ತರಿಗೆ ಒಂದು, ಅದೂ ಚಿಕ್ಕದು.

೨. ಮನುಷ್ಯರಿಗೆ ಹೂ, ವಸ್ತುಗಳಿಗೆ ವಿಚ್. ಹಂಗಾಮಿ ನೌಕರರು ಕಾಯಂ ಆಗುವವರೆಗೆ ವಿಚ್‌ನಲ್ಲೇ ಸುಧಾರಿಸಿಕೊಳ್ಳತಕ್ಕದ್ದು.

೩. ಉಪವಾಕ್ಯವು ತಾನು ಬಣ್ಣಿಸುವ ಪದದ ಬೆನ್ನಿಗೇ ನಿಲ್ಲತಕ್ಕದ್ದು. ಕಳೆದ ಸಲ ಅದು ದಾರಿ ತಪ್ಪಿದ್ದರಿಂದ, ಇಲಿ ತಿಂದು ಹಾಕಿದ್ದು ಕಡತವನ್ನಲ್ಲ, ಲೆಕ್ಕಾಧಿಕಾರಿಯನ್ನು ಎಂದಾಗಿ, ಮೇಲಿನ ಕಚೇರಿಯಿಂದ ಸಂತಾಪ ಪತ್ರ ಬಂದಿರುತ್ತದೆ. ತಾವು ಇನ್ನೂ ಬದುಕಿರುವುದಕ್ಕೆ ಸದರಿ ಅಧಿಕಾರಿಯು ಈವರೆಗೆ ಸಮಜಾಯಿಷಿ ನೀಡಿರುವುದಿಲ್ಲ.

೪. ತೆಗೆದರೂ ನಷ್ಟವಿಲ್ಲದ ಉಪವಾಕ್ಯಕ್ಕೆ ಎರಡು ಬದಿಗೂ ಅಲ್ಪವಿರಾಮ ಹಾಕತಕ್ಕದ್ದು. 'ತೆಗೆದರೂ ನಷ್ಟವಿಲ್ಲ' ಎಂದದ್ದು ತಮಗೇ ಎಂದು ಉಪನಿರ್ದೇಶಕರು ಮುಖ ಊದಿಸಿಕೊಂಡಿದ್ದು, ಪರಿಶೀಲಿಸಲಾಗಿ ಅವರ ಅನುಮಾನ ಸರಿಯಾಗಿರುತ್ತದೆ.

೫. ಟೈಪಿಸ್ಟಮ್ಮನವರು ತಾಯಿಯ ಕಣ್ಣಿನ ಆಪರೇಷನ್ನಿಗಾಗಿ ಕೇಳಿದ ರಜೆಯ ಆದೇಶವು 'ನಿರ್ದೇಶಕರು' ಎಂದು ಶುರುವಾಗಿ, ಅವರ ವಿದ್ಯೆ, ವಿನಯ, ಕೈಬರಹದ ಸೊಬಗುಗಳನ್ನು ಬಣ್ಣಿಸುತ್ತ ಮೂರನೇ ಹಾಳೆ ದಾಟಿದ್ದರೂ, ರಜೆ ಕೊಟ್ಟರೆಂಬ ಕ್ರಿಯಾಪದ ಇನ್ನೂ ಬಂದಿರಲಿಲ್ಲ. ಅದನ್ನು ಟೈಪು ಮಾಡುತ್ತಿದ್ದ ಸದರಿಯವರು ತಟ್ಟನೆ ಎದ್ದು, "ಸಾರ್, ನಮ್ಮಮ್ಮ ಬೆಳಿಗ್ಗೆಯಿಂದ ಆಸ್ಪತ್ರೆ ಬೆಂಚಲ್ಲಿ ಒಬ್ಳೇ ಕೂತಿದಾಳೆ. ನಾನು ಹೋಗಿ ಸಹಿ ಹಾಕ್ದಿದ್ರೆ ಅವಳನ್ನ ಒಳಗೆ ಕರ್ಕೊಳ್ಳಲ್ಲ. ನೀವೆಷ್ಟು ದೊಡ್ಡೋರು ಅನ್ನೋದು ಆಮೇಲಾಯ್ತು, ರಜ ಕೊಟ್ರೋ ಇಲ್ವೋ ಅಷ್ಟು ಹೇಳಿ!" ಎಂದು ಕೇಳಿದ್ದು ಘೋರ ಅಶಿಸ್ತು. ಉತ್ತರವು ಐದನೇ ಹಾಳೆಯಲ್ಲಿ ದೊರೆಯುವುದೆಂದು ತಿಳಿಸಲಾಗಿ, ಅವರು ಕೈಚೀಲ ಹೆಗಲಿಗೇರಿಸಿ ನಡೆದೇಬಿಟ್ಟಿರುತ್ತಾರೆ.

೬. ಅರ್ಧಕ್ಕೆ ನಿಂತ ಆದೇಶವನ್ನು ಮೊದಲಿನಿಂದ ಟೈಪು ಮಾಡಲು ಬೇರಾರಿಗೂ ಬಾರದ ಕಾರಣ, ನಿರ್ದೇಶಕರೇ ಯಂತ್ರದ ಮುಂದೆ ಕೂತು ಒಂಟಿ ಬೆರಳಿನಲ್ಲಿ ಕುಟ್ಟಲಾರಂಭಿಸಿದರು. ಬೆರಳು ಊದಿದಂತೆ ಬಣ್ಣನೆಯಿಂದ ಮೊದಲು ಕೈಬರಹ ಹೋಯಿತು, ಆಮೇಲೆ ವಿನಯ, ಕೊನೆಗೆ ವಿದ್ಯೆ. ಸಂಜೆಯ ಹೊತ್ತಿಗೆ ಆದೇಶವು 'ರಜೆ ಮಂಜೂರು' ಎಂಬೆರಡು ಪದಗಳಲ್ಲಿ ಮುಗಿದಿರುತ್ತದೆ. ಇದನ್ನು ಯಾರೂ ಮೇಲ್ಪಂಕ್ತಿಯಾಗಿ ಪರಿಗಣಿಸಕೂಡದು.

ಸಹಿ/-
ನಿರ್ದೇಶಕರು
(ಬಣ್ಣನೆಯನ್ನು ಬೆರಳು ವಾಸಿಯಾದ ಬಳಿಕ ಲಗತ್ತಿಸಲಾಗುವುದು)

ಪ್ರತಿಗಳು:
೧. ಉಪನಿರ್ದೇಶಕರಿಗೆ, ಅಲ್ಪವಿರಾಮಗಳ ಸಹಿತ.
೨. ಹಂಗಾಮಿ ನೌಕರರಿಗೆ ಮತ್ತು ಇತರ ಪೀಠೋಪಕರಣಗಳಿಗೆ.
೩. ಟೈಪಿಸ್ಟಮ್ಮನವರಿಗೆ, ಕಣ್ಣಿನ ವಾರ್ಡು: ತಾಯಿಯವರ ಕಟ್ಟು ಬಿಚ್ಚಿದ ಮೇಲೆ, ಬಿಡುವಾದರೆ, ಈ ಸುತ್ತೋಲೆಯನ್ನು ಟೈಪು ಮಾಡಿಕೊಡಬೇಕೆಂಬ ವಿನಂತಿಯೊಂದಿಗೆ.