ಸಿಂಗಾಪುರದಲ್ಲಿ ಒಲೆಯಿಲ್ಲದ ಕೋಣೆ ಹಿಡಿಯುವ ಬಗ್ಗೆ

ಪರದೇಶ ವಾಸ್ತವ್ಯ ವಿಭಾಗ
(ಇಲಾಖೆಯ ಹೆಸರು ಇನ್ನೂ ತೀರ್ಮಾನವಾಗಿಲ್ಲ)
ಬೀಡು: ಊಟದ ಮೇಜು, ಸಾಂತಿನೇಜ, ಪಣಜಿ, ಗೋವಾ

ಸಂಖ್ಯೆ: ಪವಾವಿ/ಒಲೆ/ನಾಸ್ತಿ/೨೦೦೯
ದಿನಾಂಕ: ಚೌತಿಗೆ ಬಂದ ನೆಂಟರು ಹೊರಟ ಮರುದಿನ, ೨೦೦೯

ಸುತ್ತೋಲೆ

ವಿಷಯ: ಪರದೇಶದ ನಗರದಲ್ಲಿ ಮೂರು ದಿನ ತಂಗಲು ಕೈಗೆಟಕುವ ದರದ, ಅನುಕೂಲಕರ ಸ್ಥಳದ ಹೋಟೆಲನ್ನು ಆಯ್ಕೆ ಮಾಡುವಾಗ ಯಜಮಾನರು ಬಾಯಿಗೆ ಬೀಗ ಹಾಕಿಕೊಳ್ಳಬೇಕಾದ ಕುರಿತು.

ಉಲ್ಲೇಖ:
(ಅ) ಶ್ರೀಮತಿ ಗೋದಾಬಾಯಿ ಅವರ ಮೌಖಿಕ ಮನವಿ.
(ಆ) ಅದೇ ಮನವಿಯ ನೆನಪೋಲೆ, ತುಸು ಏರಿದ ಧ್ವನಿಯಲ್ಲಿ.
(ಇ) ಧಾರವಾಡದ ಶ್ರೀಮತಿ ವಿದ್ಯಾ ಅವರೊಡನೆ ನಡೆದ ದೂರವಾಣಿ ಸಂಭಾಷಣೆ.
(ಈ) ತದನಂತರದ ಸಕ್ಕರೆಯಿಲ್ಲದ ಚಹಾ.

ಪ್ರಸ್ತಾವನೆ:

ಶ್ರೀ ದಿನಕರ ಅವರು ಮೂಲತಃ ಧಾರವಾಡದವರಾಗಿದ್ದು, ಪಣಜಿಯ ಕಚೇರಿಯೊಂದರಲ್ಲಿ ಅಧೀಕ್ಷಕರಾಗಿರುತ್ತಾರೆ. ಬಸ್ ನಿಲ್ದಾಣಕ್ಕೆ ರಿಕ್ಷಾ ಸಾಕು, ಮಿರಾಮಾರ್ ಬೀಚಿಗೆ ಕಾಲೇ ಸಾಕು ಎನ್ನುವಂತಿರುವ ಅವರ ಮನೆಯನ್ನು ಧಾರವಾಡ, ಬೆಳಗಾವಿ ಹಾಗೂ ಕಾರವಾರದ ಬಂಧುವರ್ಗವು ಗೋವಾದ ಅತ್ಯಂತ ಸೋವಿ ಹೋಟೆಲೆಂದು ಬಹುಕಾಲದಿಂದ ಪರಿಗಣಿಸುತ್ತ ಬಂದಿದೆ. ನಾತಾಳಕ್ಕೆ, ಅಂದರೆ ಕ್ರಿಸ್‌ಮಸ್‌ಗೆ, ಒಂದು ತಂಡ, ಕಾರ್ನಿವಲ್‌ಗೆ ಇನ್ನೊಂದು, ಬೇಸಿಗೆ ಸೂಟಿಗೆ ಹಿಂಡು. ಅವರೆಲ್ಲ ಸಮುದ್ರದಿಂದ ಮರಳನ್ನು ಚಡ್ಡಿಯಲ್ಲಿ ಹೊತ್ತು ತಂದು ಬಚ್ಚಲಲ್ಲಿ ಬಿಟ್ಟು ಹೋಗುತ್ತಾರೆ. ಆ ಮರಳನ್ನು ತೆಗೆಯುವುದು, ಹಾಸಿಗೆ ಹಾಸುವುದು, ಹಾಸಿಗೆ ಎತ್ತುವುದು, ಸಂಜೆಗೆ ಬುಟ್ಟಿ ತುಂಬ ರೊಟ್ಟಿ ಬಡಿಯುವುದು, ಇವಿಷ್ಟೂ ದಿನಕರ ಅವರ ಪತ್ನಿ ಗೋದಾಬಾಯಿ ಅವರ ಪಾಲಿಗೆ ಯಾವುದೇ ಲಿಖಿತ ಆದೇಶವಿಲ್ಲದೆ ಬಂದ ಹುದ್ದೆಗಳಾಗಿರುತ್ತವೆ.

ಮದುವೆಯ ಬೆಳ್ಳಿಹಬ್ಬಕ್ಕೆ ಏನು ಬೇಕೆಂದು ಕೇಳಲಾಗಿ, ಸದರಿಯವರು ನೀಡಿದ ಹೇಳಿಕೆಯನ್ನು ಇಲ್ಲಿ ಯಥಾವತ್ತಾಗಿ ದಾಖಲಿಸಲಾಗಿದೆ: "ನನಗ ಬಂಗಾರ ಬ್ಯಾಡ್ರಿ, ಸೀರಿ ಬ್ಯಾಡ್ರಿ. ಯಾರೂ ಗುರ್ತ ಇಲ್ಲದ ಊರಾಗ ಮೂರು ದಿನ ಚಲೋ ಹೋಟೆಲಿನ್ಯಾಗ ಇರಬೇಕು. ಮುಂಜಾನೆ ಚಹಾ ಬ್ಯಾರೆ ಯಾರರೆ ಮಾಡಿ ಕೊಡಬೇಕು. ಹಸಿ ಟಾವೆಲ್ ಹಾಸಗಿ ಮ್ಯಾಲೆ ಒಗದು, ಬಾಗಲಾ ಎಳಕೊಂಡು ಹೊರಗ ಹೋಗಿಬಿಡಬೇಕು. ಅಷ್ಟರಿ." ಇದು ಅತಿಯಾದ ಬೇಡಿಕೆಯಲ್ಲವೆಂದು ವಿಭಾಗವು ಆಗಲೂ ಒಪ್ಪಿತ್ತು, ಈಗ ಇನ್ನೂ ಹೆಚ್ಚು ಒಪ್ಪುತ್ತದೆ. ಆದರೂ ಅದು ಕೈತಪ್ಪುವ ಹಂತಕ್ಕೆ ಬಂದ ಹಿನ್ನೆಲೆಯಲ್ಲಿ, ಮುಂದೆಂದೂ ಹೀಗಾಗದಂತೆ ಈ ಕೆಳಗಿನ ನಿಯಮಗಳನ್ನು ಜಾರಿಗೆ ತರಲಾಗಿದೆ.

ನಿಯಮಗಳು:

೧. 'ಪರದೇಶ' ಎಂದರೆ ಪಾಸ್‌ಪೋರ್ಟ್ ಇಲ್ಲದೆ ಹೋಗಲಾಗದ ಸ್ಥಳ. ಧಾರವಾಡದ ಬಂಧುಗಳು ಗೋವಾವನ್ನೇ ಪರದೇಶವೆಂದು ಕರೆಯುವ ರೂಢಿಯಿದ್ದರೂ ಸದರಿ ರೂಢಿಯನ್ನು ಈ ಸುತ್ತೋಲೆಯ ಮಟ್ಟಿಗೆ ಅಮಾನತಿನಲ್ಲಿಡಲಾಗಿದೆ.

೨. ಸಮುದ್ರ ಕಾಣುವ ಕೋಣೆಗೆ ಹೆಚ್ಚು ಬಾಡಿಗೆ ತೆರುವುದನ್ನು ಸಂಪೂರ್ಣವಾಗಿ ನಿಷೇಧಿಸಲಾಗಿದೆ. ಗೋವಾದ ನಿವಾಸಿಗಳು ದುಡ್ಡು ಕೊಟ್ಟು ಸಮುದ್ರ ನೋಡುವುದು ಮೀನುಗಾರನು ಪೇಟೆಯಲ್ಲಿ ಉಪ್ಪುನೀರು ಕೊಂಡಂತೆ. ಗೋಡೆ ಕಾಣುವ ಕೋಣೆ ದೊರೆತಲ್ಲಿ ಆದ್ಯತೆ ನೀಡತಕ್ಕದ್ದು.

೩. 'ನಗರದ ಹೃದಯಭಾಗದಲ್ಲಿದೆ' ಎಂಬ ಹೋಟೆಲುಗಳ ಹೇಳಿಕೆಯನ್ನು ನಂಬಬಾರದು. ಮಗಳು ಕುಮಾರಿ ತನ್ವಿ ಸೈಬರ್ ಕೆಫೆಯಲ್ಲಿ ತೆರೆದು ತೋರಿಸಿದ ಸಿಂಗಾಪುರದ ಹೋಟೆಲುಗಳೆಲ್ಲವೂ ಹೃದಯಭಾಗದಲ್ಲಿಯೇ ಇರುವುದು ಕಂಡುಬಂದಿರುತ್ತದೆ. ಹಾಗಾದರೆ ಸಿಂಗಾಪುರಕ್ಕೆ ಕೈಕಾಲುಗಳಿವೆಯೇ ಎಂಬ ಬಗ್ಗೆ ಸ್ಪಷ್ಟೀಕರಣ ಕೋರಲಾಗಿದೆ. ಅದು ಬರುವವರೆಗೆ ಅಂತರವನ್ನು ಬಸ್ ನಿಲ್ದಾಣದಿಂದಲೇ ಅಳೆಯತಕ್ಕದ್ದು. ಯಾವ ಊರಿಗೆ ಹೋದರೂ ಮೊದಲು ಬಸ್ ಸ್ಟ್ಯಾಂಡ್ ಎಲ್ಲಿದೆಯೆಂದು ಕೇಳುವುದು ದಿನಕರ ಅವರ ಮನೆತನದ ಸಂಪ್ರದಾಯವಾಗಿದ್ದು, ವಿಮಾನದಲ್ಲಿ ಇಳಿಯುವವರಿಗೂ ಅದು ಅನ್ವಯಿಸುತ್ತದೆ.

೪. ಕೋಣೆಯ ಫೋಟೋದಲ್ಲಿ ಮನುಷ್ಯನೊಬ್ಬ ನಿಂತಿರದಿದ್ದರೆ ಅಂತಹ ಕೋಣೆಯ ಅಗಲವನ್ನು ಅರ್ಧವೆಂದು ತಿಳಿಯಬೇಕು. ಈಜುಕೊಳದ ಫೋಟೋ ಇದ್ದಲ್ಲಿ, ಅದು ನಮ್ಮ ಕಟ್ಟಡದ ತಾರಸಿಯ ನೀರಿನ ಟಾಕಿಗಿಂತ ದೊಡ್ಡದೆಂದು ಮೂರನೆಯ ವ್ಯಕ್ತಿ ದೃಢೀಕರಿಸಬೇಕು. ಸ್ನಾನಕ್ಕೆ ಬಕೆಟ್ಟು, ಚೊಂಬು ಇವೆಯೇ ಎಂದು ಇ-ಮೇಲ್ ಮೂಲಕ ವಿಚಾರಿಸತಕ್ಕದ್ದು. 'ಚೊಂಬು' ಎಂಬುದಕ್ಕೆ ಚಿತ್ರ ಲಗತ್ತಿಸುವುದು.

೫. ಬಾಡಿಗೆಯನ್ನು ರೂಪಾಯಿಗೆ ಪರಿವರ್ತಿಸಿ "ಅಯ್ಯಯ್ಯಪ್ಪಾ" ಎನ್ನುವುದನ್ನು ದಿನಕ್ಕೊಂದು ಬಾರಿಗೆ ಮಿತಿಗೊಳಿಸಲಾಗಿದೆ. ಊಟದ ಸಮಯದಲ್ಲಿ ಅದೂ ಇಲ್ಲ.

೬. ದರ ಕಡಿಮೆಯೆಂಬ ಒಂದೇ ಕಾರಣಕ್ಕೆ ಅಡುಗೆಮನೆಯುಳ್ಳ ವಸತಿಯನ್ನು ಕಾಯ್ದಿರಿಸುವುದು ಇನ್ನು ಮುಂದೆ ದಂಡನಾರ್ಹ. ಸದರಿ ಪ್ರಕರಣದಲ್ಲಿ ಶ್ರೀ ದಿನಕರ ಅವರು ಪತ್ನಿಗೆ ತಿಳಿಸದೆ, ಹೋಟೆಲಿನ ಬದಲಿಗೆ ಬಾಡಿಗೆ ಫ್ಲ್ಯಾಟೊಂದನ್ನು ಕಾಯ್ದಿರಿಸಿರುತ್ತಾರೆ. ಹಾಲ್ ಬೇರೆ, ಎರಡು ಮಲಗುವ ಕೋಣೆ ಬೇರೆ, ಒಲೆ ಇದೆ, ಕುಕ್ಕರ್ ಸಹಿತ ಇದೆ, ಆದರೂ ಹೋಟೆಲಿಗಿಂತ ಸೋವಿ! ಹುಡುಕಿ ತೆಗೆದೆನೆಂಬ ಹಿಗ್ಗು ಸದರಿಯವರ ಹೊಟ್ಟೆಯಲ್ಲಿ ಒಂದು ದಿನವೂ ನಿಲ್ಲಲಿಲ್ಲ. ಅದನ್ನು ಧಾರವಾಡದ ತಂಗಿ ವಿದ್ಯಾಗೆ ಫೋನಿನಲ್ಲಿ ಕೋಣೆಕೋಣೆಯಾಗಿ ವರ್ಣಿಸಿ, ಫೋನ್ ಇಡುವ ಮುನ್ನ ನಾಲಿಗೆಯ ರೂಢಿಯಂತೆ, "ನೀವೂ ಬರ್ರೆಲಾ ಎಲ್ಲಾರೂ, ಜಾಗಾಕ್ಕೇನ್ ಕಡಿಮಿ?" ಎಂದುಬಿಟ್ಟರು.

೭. ಇಲ್ಲಿ ಒಂದು ವಿವರಣೆ ಅಗತ್ಯ. ನಮ್ಮ ಕಡೆ "ನೀವೂ ಬರ್ರೆಲಾ" ಎಂಬುದು ಆಹ್ವಾನವಲ್ಲ, ನಮಸ್ಕಾರ. ಹೊರಟವರು ಯಾರಿಗಾದರೂ ಅನ್ನುತ್ತಾರೆ. ದವಾಖಾನೆಗೆ ಹೊರಟವರೂ ಅಂದದ್ದುಂಟು. ಅದಕ್ಕೆ "ಆತಲ್ಲ, ನೋಡೂಣು" ಎಂಬ ಸಿದ್ಧ ಉತ್ತರವೂ ಇದ್ದು, ತಲೆತಲಾಂತರದಿಂದ ಎರಡೂ ಕಡೆಯವರು ಈ ಒಪ್ಪಂದವನ್ನು ಪಾಲಿಸಿಕೊಂಡು ಬಂದಿರುತ್ತಾರೆ. ಶ್ರೀಮತಿ ವಿದ್ಯಾ ಅವರು ಸದರಿ ಒಪ್ಪಂದವನ್ನು ಏಕಪಕ್ಷೀಯವಾಗಿ ಮುರಿದು, "ನೀ ಅಷ್ಟು ಪ್ರೀತಿಲೆ ಕರದ ಮ್ಯಾಲೆ ಒಲ್ಲೆ ಅನ್ನೂದು ಹ್ಯಾಂಗಣ್ಣಾ? ನಮ್ಮ ಮನಿಯವರೆಲ್ಲಾರ ಪಾಸ್‌ಪೋರ್ಟ್ ಹೊಸಾವು ಅದಾವ, ಸುಮ್ನ ಕಪಾಟಿನ್ಯಾಗ ಬಿದ್ದಾವ" ಎಂದು ಹೇಳಿ, ಅದೇ ವಾರ ಗಂಡ, ಮಕ್ಕಳು ಹಾಗೂ ಅತ್ತೆಯ ಸಹಿತ ಟಿಕೆಟು ತೆಗೆಸಿರುತ್ತಾರೆ. ಆದ್ದರಿಂದ ಪರದೇಶ ಪ್ರವಾಸದ ಸಂದರ್ಭದಲ್ಲಿ "ಬರ್ರೆಲಾ" ಎಂಬ ಪದದ ಬಳಕೆಯನ್ನು ಪಣಜಿಯಿಂದ ಕರ್ನಾಟಕದ ಗಡಿ ಪೋಳೆಯವರೆಗೆ ತಕ್ಷಣದಿಂದ ನಿರ್ಬಂಧಿಸಲಾಗಿದೆ. ಬದಲಿಗೆ ಕೆಮ್ಮಬಹುದು.

೮. ವಿಷಯ ತಿಳಿದ ಗೋದಾಬಾಯಿ ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ದಿನಕರ ಅವರಿಗೆ ಅನುಕೂಲವಾಗುತ್ತಿತ್ತು. ಚಹಾ ಬಂತು, ಸಕ್ಕರೆ ಇರಲಿಲ್ಲ. ಹಾಗೆಯೇ ಕುಡಿಯಲಾಯಿತು. ರಾತ್ರಿ ಊಟ ಬಡಿಸುತ್ತ ಅವರು ಹೇಳಿದ್ದಿಷ್ಟೆ: "ಅಡಿಗಿ ಮನಿ ನೋಡಾಕ ಸಿಂಗಾಪುರಕ್ಕ ಯಾಕ ಹೋಗಬೇಕ್ರಿ? ಅದು ಇಲ್ಲೇ ಐತಲ್ಲ." ಹೇಳಿ ಸೆರಗಿನಿಂದ ಮುಖ ಒರೆಸಿಕೊಂಡರು. ಒರೆಸಿದ್ದು ಬೆವರೋ ಮತ್ತೊಂದೋ ಎಂದು ಪರಿಶೀಲಿಸಲು ದಿನಕರ ಅವರಿಂದಾಗಲಿಲ್ಲ. ಇಷ್ಟು ವರ್ಷ ಈ ಮನೆಗೆ ಬಂದವರೆಲ್ಲ ಹೊಗಳಿ ಹೋದದ್ದು ದಿನಕರ ಅವರ ದೊಡ್ಡ ಮನಸ್ಸನ್ನು, ದುಡಿದದ್ದು ಮಾತ್ರ ಗೋದಾಬಾಯಿ ಅವರ ಕೈ. ಇದು ಅಂದು ಮೊದಲ ಬಾರಿಗೆ ದಿನಕರ ಅವರ ಮನಸ್ಸಿಗೆ ಬಂದಿತು. ಊಟವಾದ ಮೇಲೆ ತಮ್ಮ ತಟ್ಟೆಯನ್ನು ತಾವೇ ತೊಳೆದಿಟ್ಟದ್ದನ್ನು ವಿಭಾಗವು ದಾಖಲಿಸಿಕೊಂಡಿದೆ.

೯. ಆಹ್ವಾನವನ್ನು ಹಿಂಪಡೆಯುವ ಸಾಧ್ಯತೆಯನ್ನು ಪರಿಶೀಲಿಸಲಾಯಿತು. ಬಾ ಅಂದ ಬಾಯಿಂದಲೇ ಬ್ಯಾಡ ಅನ್ನುವುದಕ್ಕೆ ಯಾವ ನಮೂನೆಯೂ ಲಭ್ಯವಿಲ್ಲ. ಕಾಲು ಉಳುಕಿದೆ ಎನ್ನಬಹುದೆಂದು ದಿನಕರ ಅವರು ಪ್ರಸ್ತಾಪಿಸಿದಾಗ, ಹಾಗಾದರೆ ನೋಡಿಕೊಳ್ಳಲು ತಂಗಿ ಪಣಜಿಗೇ ಬಂದು ನಿಲ್ಲುವಳೆಂದು ತನ್ವಿ ಎಚ್ಚರಿಸಿದ್ದರಿಂದ ಆ ಪ್ರಸ್ತಾಪವನ್ನು ಮುಕ್ತಾಯಗೊಳಿಸಲಾಯಿತು.

೧೦. ಆ ಬಳಿಕ ಗೋದಾಬಾಯಿ ಅವರು ಚಪ್ಪಲಿ ಮೆಟ್ಟಿಕೊಂಡು, ಮಗಳನ್ನು ಕರೆದುಕೊಂಡು, ಜೀವಮಾನದಲ್ಲಿ ಮೊದಲ ಬಾರಿಗೆ ಸೈಬರ್ ಕೆಫೆ ಹೊಕ್ಕರು. ಬಸ್ ನಿಲ್ದಾಣ ಕೇಳಲಿಲ್ಲ, ಹೃದಯಭಾಗ ನೋಡಲಿಲ್ಲ. ಅವರು ಕೇಳಿದ ಪ್ರಶ್ನೆ ಒಂದೇ, ಕೋಣೆಯಲ್ಲಿ ಒಲೆ ಇಲ್ಲವಷ್ಟೆ? ಇಲ್ಲವೆಂದು ಗೊತ್ತಾದ ಒಂದು ಸಣ್ಣ, ಚೊಕ್ಕ, ಮೆಟ್ರೊ ಸಮೀಪದ ಹೋಟೆಲಿನ ಪುಟದ ಕೆಳಭಾಗದಲ್ಲಿ 'ಹೆಚ್ಚುವರಿ ಹಾಸಿಗೆ ಯಾವ ಕಾರಣಕ್ಕೂ ಕೊಡಲಾಗುವುದಿಲ್ಲ' ಎಂದು ಬರೆದಿತ್ತು. ಅದನ್ನು ತನ್ವಿಯಿಂದ ಮತ್ತೊಮ್ಮೆ ಓದಿಸಿ ಕೇಳಿ, "ಇದ ಹಿಡಿಯವ್ವಾ, ಎಷ್ಟು ಚಂದ ಬರದಾರ ನೋಡು" ಎಂದು ಅಪ್ಪಣೆ ಕೊಡಿಸಿರುತ್ತಾರೆ. ತಾಯಿ-ಮಗಳ ಹೆಸರಿಗೆ ಕೋಣೆ ಖಾಯಂ ಆಗಿರುತ್ತದೆ.

೧೧. ಆದುದರಿಂದ ಶ್ರೀ ದಿನಕರ ಅವರನ್ನು ಸದರಿ ಮೂರು ದಿನಗಳ ಅವಧಿಗೆ ಫ್ಲ್ಯಾಟಿಗೆ ನಿಯೋಜಿಸಿ, ಚಹಾ, ಹಾಸಿಗೆ, ಬಚ್ಚಲು ಹಾಗೂ ಅಡುಗೆಯ ಸಂಪೂರ್ಣ ಪ್ರಭಾರವನ್ನು ಅವರಿಗೇ ವಹಿಸಿ ಆದೇಶಿಸಲಾಗಿದೆ. ಹಿಟ್ಟು ಕಲಸುವ ತರಬೇತಿಯು ಇಂದು ಸಂಜೆಯಿಂದಲೇ ಆರಂಭವಾಗಿದ್ದು, ಮೊದಲ ರೊಟ್ಟಿಯು ಗೋವಾದ ನಕಾಶೆಯ ಆಕಾರದಲ್ಲಿ ಬಂದಿರುತ್ತದೆ. ತಿನ್ನಲಾಗಿದೆ.

೧೨. ಈ ಸುತ್ತೋಲೆಯ ಕರಡನ್ನು ಗೋದಾಬಾಯಿ ಅವರ ಅವಗಾಹನೆಗೆ ಮಂಡಿಸಲಾಗಿ, ಸದರಿಯವರು ಬಹಳ ದಿನಗಳ ನಂತರ ಬಾಯಿ ತುಂಬ ನಕ್ಕರು. ಅಷ್ಟು ದೂರ ಹೋಗಿ ಗಂಡನನ್ನು ಮತ್ತು ನಾದಿನಿಯನ್ನು ನೋಡದೆ ಬರುವುದು ಚಲೋ ಕಾಣುವುದಿಲ್ಲವೆಂದು ಅಭಿಪ್ರಾಯಪಟ್ಟು, ಈ ಕೆಳಗಿನಂತೆ ಸೇರಿಸಲು ಸೂಚಿಸಿರುತ್ತಾರೆ: "ಎರಡನೇ ದಿನ ಮಧ್ಯಾಹ್ನ ನಾನೂ ತನ್ವಿನೂ ನಿಮ್ಮ ಕಡೆ ಊಟಕ್ಕ ಬರ್ತೇವ್ರಿ. ಏನೂ ತ್ರಾಸ ಮಾಡ್ಕೋಬ್ಯಾಡ್ರಿ. ಬಿಸಿ ರೊಟ್ಟಿ, ಎಣಗಾಯಿ, ಒಂದೀಟು ಝುಣಕಾ, ಮೊಸರು, ಇಷ್ಟಾದ್ರ ಸಾಕು. ನಾವೇನ್ ಹೊರಗಿನವರಾ?"

ಮೇಲ್ಕಂಡ ಎಲ್ಲವನ್ನೂ ಚಾಚೂ ತಪ್ಪದೆ ಪಾಲಿಸತಕ್ಕದ್ದು. ಸಂದೇಹಗಳಿದ್ದಲ್ಲಿ ಯಾರೂ ಫೋನ್ ಮಾಡಬಾರದು.

ಸಹಿ/-
(ದಿನಕರ)
ಅಧೀಕ್ಷಕರು ಹಾಗೂ ಪ್ರಭಾರ ಅಡುಗೆಯವರು
ಪರದೇಶ ವಾಸ್ತವ್ಯ ವಿಭಾಗ

ಪ್ರತಿಗಳು:
೧. ಶ್ರೀಮತಿ ವಿದ್ಯಾ, ಧಾರವಾಡ: ಮಾಹಿತಿಗಾಗಿ. ಬರುವಾಗ ರೊಟ್ಟಿ ಬೇಯಿಸುವ ಹಂಚು ತರುವುದು.
೨. ವಿದ್ಯಾ ಅವರ ಅತ್ತೆಯವರು: ಮೃದುವಾದ ರೊಟ್ಟಿಯ ನಿರೀಕ್ಷೆಯನ್ನು ಈಗಿನಿಂದಲೇ ತಗ್ಗಿಸಿಕೊಳ್ಳುವ ಸಲುವಾಗಿ.
೩. ಬೆಳಗಾವಿ ಹಾಗೂ ಕಾರವಾರದ ಸಮಸ್ತ ಬಂಧುವರ್ಗ: ಓದಿ, ಪಾಸ್‌ಪೋರ್ಟನ್ನು ಇದ್ದಲ್ಲಿಯೇ ಇಡಲು.
೪. ವ್ಯವಸ್ಥಾಪಕರು, ಹೆಚ್ಚುವರಿ ಹಾಸಿಗೆ ಕೊಡದ ಹೋಟೆಲು, ಸಿಂಗಾಪುರ: ಕನ್ನಡ ಬಾರದಿದ್ದರೂ, ಕೃತಜ್ಞತೆಗಳೊಂದಿಗೆ.
೫. ಹುಲಿಗೆವ್ವ, ಚಿಂಬಲ್ (ಈ ಮನೆಯ ಭಾಂಡಿ ತಿಕ್ಕುವವರು): ಸಂಬಳಸಹಿತ ರಜೆ ಮಂಜೂರಾಗಿದೆ.
೬. ಫ್ರಿಜ್ ಬಾಗಿಲು: ಅಂಟಿಸಲು.
೭. ಶ್ರೀಮತಿ ಗೋದಾಬಾಯಿ: ಇವರು ಯಾವುದೇ ಕ್ರಮ ಕೈಗೊಳ್ಳುವ ಅಗತ್ಯವಿರುವುದಿಲ್ಲ.